27 ವರ್ಷ, ಒಂದೇ ಕುರ್ಚಿ

(ಕರಾವಳಿಯ ಒಂದು ಕಾಲೇಜಿನಲ್ಲಿ ಕೊಟ್ಟ ದತ್ತಿ ಉಪನ್ಯಾಸ)

ಅಧ್ಯಕ್ಷರೇ, ಪ್ರಿನ್ಸಿಪಾಲರೇ, ಮುಂದಿನ ಸಾಲಿನಲ್ಲಿರುವ ನನ್ನ ನಿವೃತ್ತ ಗೆಳೆಯರೇ, ಹಿಂದಿನ ಸಾಲಿನಲ್ಲಿ ಹಾಜರಾತಿಗಾಗಿ ಕೂತಿರುವ ವಿದ್ಯಾರ್ಥಿಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ 'ಉನ್ನತ ಶಿಕ್ಷಣದ ಸವಾಲುಗಳು' ಅಂತ ಅಚ್ಚಾಗಿದೆ. ನಾನು ಫೋನಿನಲ್ಲಿ ಹೇಳಿದ್ದು 'ಲಕ್ಷ್ಮಣಸ್ವಾಮಿ ಮುದಲಿಯಾರ್' ಅಂತ. ಆ ಕಡೆಯಿಂದ "ಸರಿ ಸಾರ್, ಸರಿ ಸಾರ್" ಅಂದರು. ಆಮೇಲೆ ಹೀಗೆ ಬಂತು. ಇರಲಿ. ಸವಾಲುಗಳು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಇರುತ್ತವೆ. ನಾನು ಮುದಲಿಯಾರರ ಬಗ್ಗೆಯೇ ಮಾತಾಡುತ್ತೇನೆ.

ಬಿ.ಎಡ್. ಮಾಡಿದವರಿಗೆ ಈ ಹೆಸರು ಗೊತ್ತು. 1952-53ರ ಮಾಧ್ಯಮಿಕ ಶಿಕ್ಷಣ ಆಯೋಗ, ಅಂದರೆ ಮುದಲಿಯಾರ್ ಆಯೋಗ. ವಿವಿಧೋದ್ದೇಶ ಶಾಲೆಗಳು, ಪರೀಕ್ಷಾ ಸುಧಾರಣೆ, ಮೂರು ವರ್ಷದ ಪದವಿ. ಐದು ಅಂಕದ ಟಿಪ್ಪಣಿ. ಬರೆದು ಮರೆತಿರುತ್ತೀರಿ. ಮನೆಯಲ್ಲಿ ಹಳೆಯ ಡಾಕ್ಟರಿದ್ದರೆ ಅವರಿಗೆ ಬೇರೆ ರೀತಿ ಗೊತ್ತು. ಹೆರಿಗೆಯ ವಿಷಯಕ್ಕೆ 'ಮುದಲಿಯಾರ್-ಮೆನನ್' ಅಂತ ಒಂದು ದಪ್ಪ ಪುಸ್ತಕ. ಆ ಮುದಲಿಯಾರ್, ಈ ಮುದಲಿಯಾರ್, ಇಬ್ಬರೂ ಒಬ್ಬರೇ. ಮದ್ರಾಸ್ ಮೆಡಿಕಲ್ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರೂ ಅವರೇ. ಆದರೆ ನಾನು ಇಲ್ಲಿಗೆ ಬಂದಿದ್ದು ಇವು ಯಾವುದಕ್ಕೂ ಅಲ್ಲ. ಅವರು 1942ರಿಂದ 1969ರವರೆಗೆ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. 27 ವರ್ಷ.

ನಮ್ಮಲ್ಲಿ ಕುಲಪತಿಗೆ ನಾಲ್ಕು ವರ್ಷ. ಒಬ್ಬರು ಹೋಗಿ ಇನ್ನೊಬ್ಬರು ಬರುವುದರೊಳಗೆ 'ಪ್ರಭಾರ' ಅಂತ ಒಬ್ಬರು. ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಒಂದೇ ವರ್ಷದಲ್ಲಿ ಮೂರು ಸಲ ಪ್ರಭಾರ ಬದಲಾಯಿತು. ಬೋರ್ಡ್ ಬರೆಯುವ ಪೇಂಟರ್ ಒಬ್ಬ ಬರುತ್ತಿದ್ದ. ಮೂರನೇ ಸಲ ಬಂದವನು ನನ್ನ ಹತ್ತಿರ ಮೆಲ್ಲಗೆ ಕೇಳಿದ: "ಸಾರ್, ಇವರ ಹೆಸರು ಚಾಕ್‌ಪೀಸಿನಲ್ಲಿ ಬರೆದರೆ ಸಾಕಾ?" ಅವತ್ತು ನಕ್ಕೆ. ಆ ವರ್ಷ ನಮ್ಮ ವಿಭಾಗದ ಒಂದು ಫೈಲೂ ಕದಲಲಿಲ್ಲ. ಹೊಸಬರು ಬಂದ ಮೇಲೆ ನೋಡೋಣ ಅಂತ ಎಲ್ಲರೂ ಹೇಳಿದರು. ಹೊಸಬರು ಬಂದರು. ಹಳೆಯ ಫೈಲು ತನ್ನಿ ಅಂದರು.

ನನ್ನ ವಾದ ಇಷ್ಟೇ, ಇವತ್ತು ಇದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಮುದಲಿಯಾರ್ ಹೆರಿಗೆ ಡಾಕ್ಟರು. ಅವಸರ ಮಾಡಿದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಅಂತ ಆ ಕಸುಬಿನವರಿಗೆ ಗೊತ್ತು. ಅವರ ಅರ್ಧ ಕೆಲಸ ಪಕ್ಕದಲ್ಲಿ ನಿಂತು ಕಾಯುವುದು. ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ, ಕಣ್ಣಿಟ್ಟು ಕಾಯುವುದು. ಕುಲಪತಿಯ ಕೆಲಸವೂ ಅದೇ ಅಂತ ನನ್ನ ಅಭಿಪ್ರಾಯ.

ಇನ್ನೊಂದು ತಮಾಷೆ. ಅವರೇ ಅವಳಿ ಮಗು. 1887ರ ಅಕ್ಟೋಬರ್ 14ರಂದು ಕರ್ನೂಲಿನಲ್ಲಿ ಹುಟ್ಟಿದ ಜೋಡಿ. ರಾಮಸ್ವಾಮಿ, ಲಕ್ಷ್ಮಣಸ್ವಾಮಿ. ಆ ರಾಮಸ್ವಾಮಿ ಯಾರು ಗೊತ್ತಲ್ವಾ? ಮೈಸೂರಿನ ಕೊನೆಯ ದಿವಾನರು, ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. 1947ರಲ್ಲಿ ಮೈಸೂರು ಚಲೋ ಚಳವಳಿ ನಡೆದಾಗ ಬೀದಿ ಬೀದಿಯಲ್ಲಿ 'ಆರ್ಕಾಟ್ ಬಾಯ್ಕಾಟ್' ಅಂತ ಕೂಗಿದರಲ್ಲ, ಆ ಆರ್ಕಾಟ್. ಒಬ್ಬರ ಕುರ್ಚಿಯನ್ನು ಜನ ಮೈಸೂರಿನಲ್ಲಿ ಅಲ್ಲಾಡಿಸುತ್ತಿದ್ದರು. ಇನ್ನೊಬ್ಬರು ಮದ್ರಾಸಿನ ಸಮುದ್ರ ದಂಡೆಯಲ್ಲಿ ಅಲ್ಲಾಡದೆ ಕೂತಿದ್ದರು.

ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧ ಅಂತ ವಿದ್ಯಾರ್ಥಿಗಳು ಕೇಳಬಹುದು. ನನ್ನ ಸೋದರಮಾವ 1951ರಲ್ಲಿ ಮಂಗಳೂರಿನಲ್ಲಿ ಬಿ.ಎ. ಪರೀಕ್ಷೆ ಬರೆದರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಓದಿದ್ದು ಇಲ್ಲಿ, ಊಟ ಅಜ್ಜಿ ಮನೆಯಲ್ಲಿ, ಪದವಿ ಮಾತ್ರ ಮದ್ರಾಸಿನದು. ಫಲಿತಾಂಶ ಮದ್ರಾಸಿನ ಪತ್ರಿಕೆಯಲ್ಲಿ. ಪತ್ರಿಕೆ ರೈಲಿನಲ್ಲಿ. ಮಾವ ಬೆಳಿಗ್ಗೆಯೇ ಸ್ಟೇಷನ್ನಿಗೆ ಹೋಗಿ ಕಾದರಂತೆ. ಮದ್ರಾಸನ್ನು ಅವರು ಜೀವಮಾನದಲ್ಲಿ ನೋಡಲೇ ಇಲ್ಲ. ಆದರೂ ಆ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಚಾವಡಿಯಲ್ಲಿ ದೇವರ ಪಟದ ಪಕ್ಕ ತೂಗುತ್ತಿತ್ತು. ನಾನು ಮೊದಲು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದ್ದು ಅದರ ಮೇಲೆಯೇ.

ಈಗ ಭೂಪಟ ನೋಡಿ. 1942ರಲ್ಲಿ ಮುದಲಿಯಾರ್ ಕುರ್ಚಿಗೆ ಬಂದಾಗ ನಾವೂ ಅವರ ಕೈಕೆಳಗೆ, ಮಲಬಾರೂ ಅವರ ಕೈಕೆಳಗೆ. 1954ರಲ್ಲಿ ತಿರುಪತಿಗೆ ಬೇರೆ ವಿಶ್ವವಿದ್ಯಾಲಯ ಬಂತು. 1956ರಲ್ಲಿ ರಾಜ್ಯಗಳ ವಿಂಗಡಣೆ. ನಾವು ಮೈಸೂರಿನ ಕಡೆ ಬಂದೆವು, ಮಲಬಾರು ಕೇರಳಕ್ಕೆ ಹೋಯಿತು. 1966ರಲ್ಲಿ ಮಧುರೈ ಬೇರೆಯಾಯಿತು. ಅಂದರೆ ಇವರ ಕಾಲದುದ್ದಕ್ಕೂ ವಿಶ್ವವಿದ್ಯಾಲಯದ ಗಡಿ ಕುಗ್ಗುತ್ತಲೇ ಹೋಯಿತು. ಬೇರೆಯವರಾಗಿದ್ದರೆ ಗೋಳಾಡುತ್ತಿದ್ದರು. ಪರೀಕ್ಷೆ ನಡೆಸುವುದು, ಫಲಿತಾಂಶ ಕೊಡುವುದು, ಅಷ್ಟರಲ್ಲೇ ಆಯಸ್ಸು ಕಳೆಯಬಹುದಿತ್ತು. ಇವರು ಹೊಲ ಚಿಕ್ಕದಾದ ಕಡೆ ಬಾವಿ ತೋಡಿದರು. ಸಸ್ಯಶಾಸ್ತ್ರದಲ್ಲಿ ಸದಾಶಿವನ್, ತತ್ವಶಾಸ್ತ್ರದಲ್ಲಿ ಟಿ.ಎಂ.ಪಿ. ಮಹಾದೇವನ್. ಉದ್ಯಮಿ ಅಳಗಪ್ಪ ಚೆಟ್ಟಿಯಾರ್ 1957ರಲ್ಲಿ ತೀರಿಕೊಂಡಾಗ ಅವರು ಕಟ್ಟಿದ್ದ ರಾಮಾನುಜನ್ ಗಣಿತ ಸಂಸ್ಥೆ ದಿಕ್ಕಿಲ್ಲದ ಮಗುವಾಗಿತ್ತು. ಅದನ್ನೂ ವಿಶ್ವವಿದ್ಯಾಲಯ ಮಡಿಲಿಗೆ ಹಾಕಿಕೊಂಡಿತು.

ಆದರೆ ನನಗೆ ಇಷ್ಟವಾದ ಕಥೆ ಬೇರೆ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಕೇಳಿದವರು ಕ್ಷಮಿಸಬೇಕು.

1952. ಮುದಲಿಯಾರರಿಗೆ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ವಿಭಾಗ ತೆರೆಯುವ ಆಸೆ. ಯಾರನ್ನು ಕರೆಯುವುದು? ನೇರವಾಗಿ ಸಿ.ವಿ. ರಾಮನ್ ಅವರನ್ನೇ ಕರೆದರು. ಕೇಳುವುದಾದರೆ ದೊಡ್ಡದನ್ನೇ ಕೇಳಬೇಕು, ಅಲ್ವಾ? ರಾಮನ್ ಆಗ ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡು ಕೂತಿದ್ದರು. ಬರುವುದಿಲ್ಲ ಅಂದರು. ಆದರೆ ಒಂದು ಹೆಸರು ಹೇಳಿದರು. ಜಿ.ಎನ್. ರಾಮಚಂದ್ರನ್.

ಈ ಹುಡುಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು. ರಾಮನ್ ಕಣ್ಣಿಗೆ ಬಿದ್ದ, ಭೌತವಿಜ್ಞಾನಕ್ಕೆ ಎಳೆದುಕೊಂಡರು. ಆಮೇಲೆ ಕೇಂಬ್ರಿಜ್, ಮತ್ತೆ ಬೆಂಗಳೂರು. 1952ರಲ್ಲಿ ಇನ್ನೂ 30 ತುಂಬಿರಲಿಲ್ಲ. ನೊಬೆಲ್ ಪಡೆದವರನ್ನು ಕೇಳಿದ ಕುಲಪತಿಗೆ ಸಿಕ್ಕಿದ್ದು 29ರ ಹುಡುಗ! ನಮ್ಮಲ್ಲಾಗಿದ್ದರೆ ಆ ಫೈಲಿನ ಮೇಲೆ ಏನು ಬರೆಯುತ್ತಿದ್ದರು? ಅನುಭವ ಸಾಲದು. ಮುದಲಿಯಾರ್ ಆ ಹುಡುಗನನ್ನೇ ಪ್ರೊಫೆಸರ್ ಮಾಡಿ ಇಡೀ ವಿಭಾಗವನ್ನು ಕೈಗೆ ಕೊಟ್ಟರು.

ಅದೇ ವರ್ಷ ಜೆ.ಡಿ. ಬರ್ನಾಲ್ ಅನ್ನುವ ದೊಡ್ಡ ವಿಜ್ಞಾನಿ ಮದ್ರಾಸಿಗೆ ಬಂದರು. ಕೊಲಾಜನ್ ರಚನೆ ಇನ್ನೂ ಸರಿಯಾಗಿ ಬಗೆಹರಿದಿಲ್ಲ ಅಂತ ಮಾತಿನ ನಡುವೆ ಹೇಳಿದರು. ಕೊಲಾಜನ್ ಅಂದರೆ ನಮ್ಮ ಚರ್ಮದಲ್ಲಿ, ಮೂಳೆಯಲ್ಲಿ ಇರುವ ಪ್ರೋಟೀನು. ಪಕ್ಕದಲ್ಲೇ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಇನ್ನೇನು ಬೇಕು? ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಕೆಲಸಕ್ಕೆ ಕೂತರು. ಕಾಂಗರೂ ಬಾಲದ ನಾರಿನವರೆಗೂ ಹೋದರು. ಹೌದು, ಕಾಂಗರೂ ಬಾಲ. 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು: ಕೊಲಾಜನ್ ಅಂದರೆ ಮೂರು ಎಳೆ ಸೇರಿಸಿ ಹೊಸೆದ ಹುರಿ. ನಮ್ಮ ಕಡೆಯ ಕತ್ತದ ಹಗ್ಗ ನೆನಪು ಮಾಡಿಕೊಳ್ಳಿ.

ಇಲ್ಲಿ ನನ್ನ ಗೆಳೆಯರೊಬ್ಬರು ಯಾವಾಗಲೂ ತಕರಾರು ತೆಗೆಯುತ್ತಾರೆ. ಇವತ್ತೂ ಎರಡನೇ ಸಾಲಿನಲ್ಲಿದ್ದಾರೆ. "ಎರಡೇ ವರ್ಷಕ್ಕೆ ಫಲ ಬಂತಲ್ಲ, ನಿಮ್ಮ 27 ವರ್ಷ ಎಲ್ಲಿ ಬಂತು?" ಒಳ್ಳೆಯ ಪ್ರಶ್ನೆ. ಕೇಳಿ. ಆ ಪ್ರಬಂಧ ಬಂದ ಮೇಲೆ ಇಂಗ್ಲೆಂಡಿನಿಂದ ಕ್ರಿಕ್ ಮತ್ತು ರಿಚ್ ಆಕ್ಷೇಪ ಎತ್ತಿದರು. ನೀವು ಹೇಳುವ ರಚನೆಯಲ್ಲಿ ಪರಮಾಣುಗಳು ಒಂದಕ್ಕೊಂದು ಜಾಸ್ತಿ ಹತ್ತಿರ ಬಂದಿವೆ ಅಂತ. ಡಿಎನ್‌ಎ ರಚನೆ ಕಂಡುಹಿಡಿದ ಅದೇ ಕ್ರಿಕ್! ರಾಮಚಂದ್ರನ್ ಕೂಗಾಡಲಿಲ್ಲ. ಹಾಗಾದರೆ ಎಷ್ಟು ಹತ್ತಿರ ಬರಬಹುದು, ಎಷ್ಟು ಬರಬಾರದು ಅಂತ ಬುಡದಿಂದ ಲೆಕ್ಕ ಹಾಕಲು ಕೂತರು. ಶಶಿಶೇಖರನ್, ರಾಮಕೃಷ್ಣನ್ ಜೊತೆಗೆ ಸೇರಿ ಅದನ್ನು ಒಂದು ನಕ್ಷೆಯಾಗಿ ಪ್ರಕಟಿಸಿದ್ದು 1963ರಲ್ಲಿ. ಅದೇ ರಾಮಚಂದ್ರನ್ ಪ್ಲಾಟ್. ಜೀವರಸಾಯನ ಓದುವ ಹುಡುಗಿಯರು ಅಲ್ಲಿ ತಲೆ ಆಡಿಸುತ್ತಿದ್ದಾರೆ, ನೋಡಿ. ಇವತ್ತಿಗೂ ಜಗತ್ತಿನಲ್ಲಿ ಯಾರೇ ಪ್ರೋಟೀನ್ ರಚನೆ ಬಿಡಿಸಿದರೂ ಸರಿಯಿದೆಯೇ ಅಂತ ಆ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ.

1952ರಿಂದ 1963. ಹನ್ನೊಂದು ವರ್ಷ. ನಾಲ್ಕು ವರ್ಷಕ್ಕೊಬ್ಬರ ಲೆಕ್ಕದಲ್ಲಿ ಮೂವರು ಕುಲಪತಿಗಳು. ಮೊದಲನೆಯವರು ನೇಮಕ ಮಾಡುತ್ತಿದ್ದರು. ಎರಡನೆಯವರು ನೇಮಕ ಹೇಗಾಯಿತು ಅಂತ ಸಮಿತಿ ಹಾಕುತ್ತಿದ್ದರು. ಮೂರನೆಯವರ ಕಾಲಕ್ಕೆ ಆಡಿಟ್‌ನವರು ಬಂದು, ಕಾಂಗರೂ ಬಾಲಕ್ಕೆ ಮೂರು ಕೊಟೇಶನ್ ಯಾಕೆ ತರಿಸಲಿಲ್ಲ ಅಂತ ಕೇಳುತ್ತಿದ್ದರು. ನಗಬೇಡಿ. ಇಲ್ಲಿ ಎಷ್ಟು ಜನ ಪ್ರಯೋಗಾಲಯಕ್ಕೆ ಸಾಮಾನು ತರಿಸಿದ್ದೀರಿ? ಅವರು ನಗುತ್ತಿಲ್ಲ.

ಇದೇ ನಾನು ಹೇಳಿದ ಕಾಯುವುದು. ಹೆರಿಗೆ ಡಾಕ್ಟರು ಮಗು ಹೆರುವುದಿಲ್ಲ. ಹೆರುವವರು ಬೇರೆ. ಇವರು ಕೋಣೆಯ ಬಾಗಿಲಲ್ಲಿ ನಿಂತು ಗದ್ದಲ ಮಾಡುವವರನ್ನು ಆಚೆ ಕಳಿಸಬೇಕು.

ಕಥೆಗೆ ಬಾಲ ಇದೆ, ಕಾಂಗರೂದಲ್ಲ. 1969ರಲ್ಲಿ ಮುದಲಿಯಾರ್ ಕುರ್ಚಿ ಬಿಟ್ಟರು. 81 ವಯಸ್ಸು. ಮರುವರ್ಷ, 1970ರಲ್ಲಿ, ರಾಮಚಂದ್ರನ್ ಮದ್ರಾಸ್ ಬಿಟ್ಟರು. ಸ್ವಲ್ಪ ಕಾಲ ಶಿಕಾಗೋ. ಆಮೇಲೆ ಅದೇ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಸತೀಶ್ ಧವನ್ ಕರೆದರು ಅಂತ ಬೆಂಗಳೂರಿಗೆ ಬಂದು 1971ರಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಶುರು ಮಾಡಿದರು. ಬೆಂಗಳೂರು ಕಳಿಸಿಕೊಟ್ಟ ಹುಡುಗ 19 ವರ್ಷದ ಮೇಲೆ ಜಗತ್ಪ್ರಸಿದ್ಧನಾಗಿ ವಾಪಸ್ ಬಂದ. ನಮಗೆ ಲಾಭ. ಮದ್ರಾಸಿಗೆ?

ಈಗ ನನ್ನ ವಾದದ ವಿರುದ್ಧ ನಾನೇ ಮಾತಾಡಬೇಕು. ಇಲ್ಲದಿದ್ದರೆ ಎರಡನೇ ಸಾಲಿನವರು ಬಿಡುವುದಿಲ್ಲ. 27 ವರ್ಷ ಜಾಸ್ತಿಯಾಯಿತು. ಒಬ್ಬರು ಎದ್ದ ಮರುವರ್ಷವೇ ಇಂಥವರು ಹೊರಡುತ್ತಾರೆ ಅಂದರೆ, ಆ ಮನೆ ನಿಂತದ್ದು ಒಂದೇ ಕಂಬದ ಮೇಲೆ ಅಂತಲೇ ಅರ್ಥ. ಹೊಸ ಪ್ರೊಫೆಸರನ್ನು ಅಷ್ಟು ಜಾಣತನದಿಂದ ಹುಡುಕಿದ ಮನುಷ್ಯ ತನ್ನ ಕುರ್ಚಿಗೆ ಯಾರು ಅಂತ ಹುಡುಕಲಿಲ್ಲವೇ? ಸುತ್ತಲಿನವರಿಗೆ ಆ ಪ್ರಶ್ನೆ ಕೇಳುವ ಧೈರ್ಯ ಇತ್ತೇ? 27 ವರ್ಷ ಒಬ್ಬರನ್ನೇ 'ಸಾರ್' ಅಂದರೆ ಕತ್ತು ಬಗ್ಗಿದ್ದು ಬಗ್ಗಿದಂತೆ ಉಳಿಯುತ್ತದೆ. ಇನ್ನೊಂದು. ಕೂತವರು ಮುದಲಿಯಾರ್ ಆಗಿದ್ದಕ್ಕೆ ಸರಿಹೋಯಿತು. ನಾನು ನೋಡಿದ ಕೆಲವರು 27 ವರ್ಷ ಕೂತಿದ್ದರೆ, ಅಯ್ಯೋ, ಅದನ್ನು ನೆನೆಸಿಕೊಳ್ಳುವುದೇ ಬೇಡ.

ಹಾಗಾದರೆ ಎಷ್ಟು? ಧಾರವಾಡದ ಲೆಕ್ಕ ನನಗೆ ಹಿಡಿಸುತ್ತದೆ. ಡಿ.ಸಿ. ಪಾವಟೆ, ಕೇಂಬ್ರಿಜ್‌ನಲ್ಲಿ ರ್‍ಯಾಂಗ್ಲರ್ ಆದ, ಅಂದರೆ ಅಲ್ಲಿನ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ, ಗಣಿತದವರು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. 13 ವರ್ಷ. ಆಮೇಲೆ ಪಂಜಾಬಿನ ರಾಜ್ಯಪಾಲರಾಗಿ ಹೋದರು. ಆ ಗುಡ್ಡದ ಮೇಲಿನ ಕ್ಯಾಂಪಸ್ಸಿಗೆ ಪಾವಟೆ ನಗರ ಅಂತಲೇ ಹೆಸರು. ಅವರ ಬಗ್ಗೆ ಇಲ್ಲಿ ನಾಲ್ಕು ಪುಟ ಬರೆದುಕೊಂಡು ಬಂದಿದ್ದೇನೆ...

ಚೀಟಿ ಬಂತು. 'ಐದು ನಿಮಿಷ' ಅಂತ ಇದೆ. ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಸರಿ, ಪಾವಟೆಯವರು ಇನ್ನೊಂದು ದಿನ. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಕುವೆಂಪು ಅವರ ನಾಲ್ಕು ವರ್ಷದ ಬಗ್ಗೆಯೂ ಹೇಳುವುದಿತ್ತು. 1956ರಿಂದ 60. ನಾಲ್ಕೇ ವರ್ಷದಲ್ಲಿ ಮಾನಸಗಂಗೋತ್ರಿ ಕ್ಯಾಂಪಸ್ಸಿನ ಕನಸು ಕಂಡವರು. ಅದು ನನ್ನ ವಾದಕ್ಕೆ ಅಷ್ಟು ಅನುಕೂಲ ಇಲ್ಲ, ಚೀಟಿ ಬಂದದ್ದು ಒಳ್ಳೆಯದೇ ಆಯಿತು.

ಒಂದೇ ಒಂದು ಮಾತು ಹೇಳಿ ಮುಗಿಸುತ್ತೇನೆ, ಇದು ನಮ್ಮ ಊರಿನದು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಅದನ್ನು ಪರಿಷ್ಕರಿಸಿ ಹಿಗ್ಗಿಸಿದವರು ಎಂ. ಮರಿಯಪ್ಪ ಭಟ್ಟರು. ಅಚ್ಚು ಹಾಕಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ನಾಲ್ಕು ಸಂಪುಟ, 1968ರಿಂದ 1971. ಅದಕ್ಕೂ ಮೊದಲು 1967ರಲ್ಲಿ ತುಳು-ಇಂಗ್ಲಿಷ್ ನಿಘಂಟನ್ನೂ ಅದೇ ವಿಶ್ವವಿದ್ಯಾಲಯ ತಂದಿತು. ದಿನಾಂಕ ಗಮನಿಸಿ. ನಾವು ಮದ್ರಾಸ್ ಬಿಟ್ಟು ಹತ್ತು ವರ್ಷ ದಾಟಿತ್ತು. ಅಲ್ಲಿ ಹಿಂದಿ ವಿರೋಧಿ ಚಳವಳಿ ನಡೆದು, ಸರ್ಕಾರವೇ ಬದಲಾಗಿತ್ತು. ಆ ರಾಜ್ಯಕ್ಕೆ ನಮ್ಮ ತುಳುವಿನಿಂದ ಒಂದು ಓಟೂ ಇಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ನಿಘಂಟು ಅಂದರೆ ಹತ್ತಾರು ವರ್ಷದ ಬಸಿರು. ನಡುವೆ ಯಾರಾದರೂ ಒಬ್ಬರು ಫೈಲಿನ ಮೇಲೆ 'ಇದು ನಮಗೆ ಯಾಕೆ?' ಅಂತ ಬರೆದಿದ್ದರೆ ಸಾಕಿತ್ತು.

ಆ ನಾಲ್ಕು ಸಂಪುಟ ಈ ಕಾಲೇಜಿನ ಲೈಬ್ರರಿಯಲ್ಲೂ ಇವೆ. ಬೆಳಿಗ್ಗೆ ಹೋಗಿ ನೋಡಿದೆ. ಮೂರನೆಯದರ ಬೈಂಡಿಂಗ್ ಬಿಚ್ಚಿಕೊಂಡಿದೆ, ಯಾರೋ ಸೆಣಬಿನ ದಾರ ಕಟ್ಟಿ ಇಟ್ಟಿದ್ದಾರೆ. ಪ್ರಿನ್ಸಿಪಾಲರೇ, ಇವತ್ತಿನ ಉಪನ್ಯಾಸಕ್ಕೆ ನನಗೆ ಕೊಡುವ ಕವರ್ ಕೊಡಬೇಡಿ, ಅದನ್ನು ಬೈಂಡರಿಗೆ ಕೊಡಿ. ಕೊಟೇಶನ್ ಒಂದೇ ಸಾಕು.