ಹುಬ್ಬಳ್ಳಿಯಲ್ಲಿ ನೋಡೋಕೆ ಏನಿದೆ ಅಂತ ಕೇಳಿದವರಿಗೆ

ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತಿದ್ದೆ. ಆದರೆ ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಉದ್ದದ ಪ್ಲಾಟ್‌ಫಾರ್ಮ್ ಬಿಟ್ಟರೆ ಹುಬ್ಬಳ್ಳಿಯಲ್ಲಿ ನೋಡೋಕೆ ಏನಿದೆ?" ಎರಡು ದಿನದಿಂದ ಅದೇ ತಲೆ ಕೊರೆಯುತ್ತಿದೆ.

ನೋಡೋಕೆ! ಊರು ನೋಡೋಕಲ್ಲ ರೀ, ಇರೋಕೆ.

ಸರಿ, ಪ್ಲಾಟ್‌ಫಾರ್ಮಿನಿಂದಲೇ ಶುರು ಮಾಡೋಣ. ನಮ್ಮ ರೈಲು ನಿಲ್ದಾಣದ್ದು, 1507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ನೀವು ಫೋಟೊ ತೆಗೆದುಕೊಂಡು ಹೋದಿರಿ. ರಾತ್ರಿ ಬೆಂಗಳೂರು ರೈಲು ಹೊರಡುವಾಗ ಅಲ್ಲಿ ನಿಂತಿದ್ದೀರಾ? ನಾನು ನಿಂತಿದ್ದೆ. ಒಬ್ಬ ತಾಯಿ ಕಿಟಕಿ ಸರಳಿನ ಸಂದಿಯಲ್ಲಿ ಮಗನಿಗೆ ಬುತ್ತಿ ತೂರಿಸುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಪೊಟ್ಟಣದಲ್ಲಿ ಶೇಂಗಾ ಚಟ್ನಿ. ಎದುರು ಸೀಟಿನ ಹುಡುಗ ಬರಿಗೈಲಿ ಕೂತಿದ್ದ. "ನೀನೂ ತಿನ್ನಪಾ, ಇಬ್ಬರಿಗೂ ಆಗ್ತಾವ" ಅಂದರು. ಅವನ ಹೆಸರೂ ಅವರಿಗೆ ಗೊತ್ತಿಲ್ಲ!

ಇದನ್ನ ಯಾವ ಟೂರಿಸ್ಟ್ ಪಟ್ಟಿಯಲ್ಲಿ ಹಾಕುತ್ತೀರಿ? ಊರು ಇರೋಕೆ.

"ಧೂಳು, ನೀರು ಬರಲ್ಲ" ಅಂತ ಇನ್ನೊಬ್ಬರು. ಧೂಳು ಇದೆ, ಒರೆಸಿಕೊಳ್ಳುತ್ತೇವೆ. ನೀರಿಗೆ ದಿನಗಟ್ಟಲೆ ಕಾಯುವುದೂ ನಿಜ. ಅದಕ್ಕೆ ಜಗಳ ಆಡುತ್ತೇವೆ, ಆಡುತ್ತಲೇ ಇರುತ್ತೇವೆ. ಆದರೆ ನಡುರಾತ್ರಿ ನಲ್ಲಿ ಸುಂಯ್ ಅಂದರೆ ನಮ್ಮ ಓಣಿಯಲ್ಲಿ ಮೊದಲು ಎದ್ದವರು ಏನು ಮಾಡುತ್ತಾರೆ ಗೊತ್ತಾ? ತಮ್ಮ ಕೊಡ ಹಿಡಿಯುವ ಮೊದಲು ಎಲ್ಲರ ಬಾಗಿಲು ಬಡಿಯುತ್ತಾರೆ. "ಏಳ್ರೀ, ನೀರ ಬಂತು!" ಎದುರು ಮನೆ ಅಜ್ಜಿಯ ಹಂಡೆಯನ್ನ ಯಾರಾದರೂ ತುಂಬಿಸಿಯೇ ಮಲಗುತ್ತಾರೆ. ಇಪ್ಪತ್ತನಾಲ್ಕು ಗಂಟೆ ನೀರು ಬರುವ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಯಾರು ಅಂತ ಗೊತ್ತಾ? ಸುಮ್ನೆ ಮಾತಾಡಬೇಡಿ.

ಅಂದ ಹಾಗೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಈಗಲೇ ಮಾಡಿ. ಮುಂದಿನ ವಾರ ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗ್ ಬರುವವರ ಜೊತೆ ಮಾತುಕತೆ ಇದೆ.

ಎಲ್ಲಿದ್ದೆ? ಹಾಂ, ಗಿರ್ಮಿಟ್. ಸಂಜೆ ದುರ್ಗದಬೈಲಿಗೆ ಹೋಗಿ. ಹುಣಸೆಹುಳಿ, ಬೆಲ್ಲ ಹಾಕಿ ಬಾಡಿಸಿದ ಈರುಳ್ಳಿ ಗೊಜ್ಜಿಗೆ ಚುರುಮುರಿ ಬೀಳುತ್ತದೆ, ಮೇಲೆ ಪುಟಾಣಿ ಹಿಟ್ಟು. ಚುರುಮುರಿ ಮೆತ್ತಗಾಗುವ ಮೊದಲು ತಿನ್ನಬೇಕು. ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ಹಮಾಲಿ ಕೆಲಸದವರು, ಬಟ್ಟೆ ಅಂಗಡಿಯವರು, ಕಾಲೇಜು ಹುಡುಗರು ಒಂದೇ ಗಾಡಿ ಸುತ್ತ ನಿಂತಿರುತ್ತಾರೆ. ಚಿಲ್ಲರೆ ಇಲ್ಲ ಅಂದರೆ "ನಾಳೆ ಕೊಡ್ರಿ" ಅನ್ನುತ್ತಾರೆ. ನಾಳೆ ನೀವು ಬಂದೇ ಬರುತ್ತೀರಿ ಅನ್ನೋ ನಂಬಿಕೆ ಅದು. ಸಿದ್ಧಾರೂಢ ಮಠದ ದಾಸೋಹದಲ್ಲೂ ಅಷ್ಟೇ. ಯಾರು, ಯಾವ ಊರು ಅಂತ ಕೇಳುವುದಿಲ್ಲ, ತಟ್ಟೆ ಹಿಡಿದರೆ ಊಟ.

"ದೊಡ್ಡವರಾದವರು ಯಾರೂ ಅಲ್ಲಿ ಉಳಿಯಲ್ಲ" ಅಂತಾನೂ ಒಂದು ಕಮೆಂಟ್ ಇತ್ತು. ಹೌದಾ? ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಎಲ್ಲಿದ್ದರು? ಹುಬ್ಬಳ್ಳಿಯಲ್ಲಿ. 2002ರಲ್ಲಿ ಪದ್ಮವಿಭೂಷಣ ಬಂದಾಗಲೂ ಮನೆ ಹುಬ್ಬಳ್ಳಿಯಲ್ಲೇ. 2009ರಲ್ಲಿ ಕೊನೆಯುಸಿರು ಎಳೆದದ್ದೂ ಇಲ್ಲೇ. ಅಂಥ ಧ್ವನಿಗೆ ಸಾಕಾದ ಊರು ನಿಮಗೆ ಸಾಲುವುದಿಲ್ಲ, ಅಲ್ವಾ?

ಇರೋಕೆ ರೀ, ಇರೋಕೆ! ಇನ್ನೂ ಎಷ್ಟು ಸಲ ಹೇಳಲಿ? ಇಷ್ಟ ಯಾಕೆ ಅಂದರೆ ಇಷ್ಟ. ನಮ್ಮೂರು ಅದು.

ಕಮೆಂಟ್ ಹಾಕಿದವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಒಂದು ಸಲ ಬನ್ನಿ. ಕ್ಯಾಮೆರಾ ತರಬೇಡಿ, ಎರಡು ದಿನ ಜಾಸ್ತಿ ರಜೆ ಹಾಕಿ ಬನ್ನಿ. ಯಾವ ರೈಲು ಅಂತ ತಿಳಿಸಿ. ಪ್ಲಾಟ್‌ಫಾರ್ಮ್ ಉದ್ದ ಇದೆ, ಯಾವ ಡಬ್ಬಿ ಅಂತಾನೂ ಹೇಳಿ. ನಾನೇ ಬಂದು ನಿಂತಿರುತ್ತೇನೆ.