ಬೋರ್ಡ್ ಕೆಟ್ಟಿಲ್ಲ, ಡಿಮೆಸ್ಜಿ ನೋಡಿ

ನಮಸ್ಕಾರ. ಕಳೆದ ಮಳೆಗಾಲದಲ್ಲಿ ಬ್ರಹ್ಮಾವರದ ಹುಡುಗಿಯೊಬ್ಬಳು ಉಡುಪಿಯ ನಮ್ಮ ಮನೆಗೆ ಬಂದಿದ್ದಳು. ಮನೆ ಬಾವಿಯ ನೀರಿನ ಮಟ್ಟ ಅಳೆಯಬೇಕು ಅಂತ ಆರ್ಡುಯಿನೊ ನ್ಯಾನೊ ಅನ್ನುವ, ಪ್ರೋಗ್ರಾಂ ತುಂಬಿಸಬಲ್ಲ ಪುಟ್ಟ ಬೋರ್ಡ್ ಕೊಂಡಿದ್ದಳು, ಕಡಿಮೆ ಬೆಲೆಯ ಕ್ಲೋನ್. "ಸರ್, ಇದು ಎರಡನೆಯದು. ಮೊದಲನೆಯದನ್ನು ಕೆಟ್ಟಿದೆ ಅಂತ ಬಿಸಾಡಿದೆ. ಇದೂ ಹಾಗೇ ಆಗಿದೆ" ಅಂದಳು. ಕೇಳಿ ತುಂಬ ಬೇಜಾರಾಯಿತು.

ಅವಳ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 ಲಿನಕ್ಸ್ ಇತ್ತು. ಬೋರ್ಡ್ ಹಾಕಿ, ಲಿನಕ್ಸಿನ ಒಳಗಿನ ಸಂದೇಶ ತೋರಿಸುವ ಡಿಮೆಸ್ಜಿ ಕಮಾಂಡ್ ಕೊಟ್ಟು ನೋಡಿದೆವು. ಬೋರ್ಡಿನ ಯುಎಸ್‌ಬಿ ಚಿಪ್ಪಿಗೆ ಬೇಕಾದ ಸಿಎಚ್341 ಡ್ರೈವರ್ ಸರಿಯಾಗಿ ಹಿಡಿದಿತ್ತು, ಬೋರ್ಡಿನ ಜೊತೆ ಮಾತಾಡುವ ಪೋರ್ಟ್ ಟಿಟಿವೈಯುಎಸ್‌ಬಿ0 ಬಂದಿತ್ತು. ಮರುಕ್ಷಣವೇ ಹೋಗಿತ್ತು! ಕಿತ್ತುಕೊಂಡದ್ದು ಯಾರು ಅಂತಲೂ ಅಲ್ಲೇ ಬರೆದಿತ್ತು: ಬಿಆರ್‌ಎಲ್‌ಟಿಟಿವೈ.

ಅದನ್ನು ತೆಗೆದುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಸ್ವಂತ ಲ್ಯಾಪ್‌ಟಾಪ್ ಆದರೆ ಸರಿ. ಆದರೆ ಮಾರಾಯ್ರೆ, ಅದು ಕಣ್ಣು ಕಾಣದವರ ಬ್ರೈಲ್ ಸಾಧನ ನಡೆಸುವ ಪ್ರೋಗ್ರಾಂ. ನಮ್ಮ ಬೋರ್ಡಿನ ಚಿಪ್ಪಿನದೇ ಗುರುತು ಸಂಖ್ಯೆ, 1ಎ86:7523, ಅದರ ಪಟ್ಟಿಯಲ್ಲೂ ಇತ್ತು. ಅಷ್ಟೇ ಗೊಂದಲ. ಹತ್ತಾರು ಮಕ್ಕಳು ಬಳಸುವ ಕಾಲೇಜು ಲ್ಯಾಬಿನಲ್ಲಿ ಯಾವ ಸಾಧನ ಹಾಕಿದರೆ ಏನು ಮಾಡಬೇಕು ಅಂತ ಹೇಳುವ ಯುಡೆವ್ ನಿಯಮದಲ್ಲಿ ಈ ಸಂಖ್ಯೆ ಇರುವ ಆ ಒಂದು ಸಾಲನ್ನು ಮಾತ್ರ ನಿಲ್ಲಿಸಿ. ನಾಳೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಗೊತ್ತಿಲ್ಲ, ಅಲ್ವಾ?

ಲಿನಕ್ಸಿನ ತಿರುಳಾದ ಕರ್ನಲ್ ನೀವೇ ಕಟ್ಟಿಕೊಂಡಿದ್ದರೆ ಕಥೆ ಬೇರೆ. ಅಲ್ಲಿ ಡ್ರೈವರೇ ಇಲ್ಲದಿರಬಹುದು. ಕರ್ನಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ ಡಿವೈಸ್ ಡ್ರೈವರ್ಸ್, ಅದರೊಳಗೆ ಯುಎಸ್‌ಬಿ ಸಪೋರ್ಟ್, ಅದರೊಳಗೆ ಸೀರಿಯಲ್ ಕನ್ವರ್ಟರ್. ಸಿಎಚ್341, ಸಿಪಿ210ಎಕ್ಸ್, ಎಫ್‌ಟಿಡಿಐ ಈ ಮೂರು ಡ್ರೈವರನ್ನೂ ಮಾಡ್ಯೂಲ್ (ಬೇಕಾದಾಗ ಮಾತ್ರ ಲೋಡ್ ಆಗುವ ತುಂಡು) ಮಾಡಿಡಿ. ಬೋರ್ಡ್ ಹಾಕದಿದ್ದರೆ ಅವು ಸುಮ್ನೆ ಡಿಸ್ಕಿನಲ್ಲಿರುತ್ತವೆ. ಆರ್ಡುಯಿನೊದ ಇನ್ನೊಂದು ಬೋರ್ಡ್, ಅಸಲಿ ಊನೊ ಆರ್3, ಈ ಗುಂಪಿಗೆ ಸೇರಿದ್ದಲ್ಲ. ಅದಕ್ಕೆ ಸಿಡಿಸಿ ಎಸಿಎಂ ಅನ್ನುವ ಡ್ರೈವರ್ ಬೇಕು. ಆ ಆಯ್ಕೆ ಯುಎಸ್‌ಬಿ ಸಪೋರ್ಟಿನಲ್ಲೇ ಬೇರೆ ಕಡೆ, ಮೋಡೆಮ್ ಅನ್ನುವ ಹೆಸರಲ್ಲಿದೆ. ಮೋಡೆಮ್ ನಮಗ್ಯಾಕೆ ಅಂತ ಜನ ಅದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಊನೊದ ಪೋರ್ಟ್ ಟಿಟಿವೈಎಸಿಎಂ0 ಎಲ್ಲಿ ಅಂತ ಹುಡುಕುತ್ತಾರೆ.

ಇನ್ನು ಪೋರ್ಟ್ ಬಳಸುವ ಪರ್ಮಿಷನ್. ದಯವಿಟ್ಟು ಎಲ್ಲರಿಗೂ ಪೂರ್ತಿ ಅನುಮತಿ ಕೊಡುವ ಸಿಎಚ್‌ಮಾಡ್ 777 ಕಮಾಂಡ್ ಕಲಿಸಬೇಡಿ. ಕೇಬಲ್ ಕಿತ್ತು ಹಾಕಿದರೆ ಅದು ಮತ್ತೆ ಮೊದಲಿನಂತೆ. ಉಬುಂಟುವಿನಲ್ಲಿ ಈ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಮಂಗಳೂರು, ಉಡುಪಿಯ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಮೊದಲ ದಿನ ಎಲ್‌ಇಡಿ ಮಿನುಗಿಸುವ ಮುಂಚೆ ಅರ್ಧ ಗಂಟೆ ಡಿಮೆಸ್ಜಿ ತೋರಿಸಿ. ಬೋರ್ಡ್ ಹಾಕಿದಾಗ ಯಾವ ಸಾಲು ಬರುತ್ತದೆ, ಕಿತ್ತಾಗ ಯಾವುದು, ಮಕ್ಕಳೇ ಓದಲಿ. ಒಂದು ಸಾಲೂ ಬರದಿದ್ದರೆ ಮೊದಲು ಕೇಬಲ್ ಬದಲಿಸಲಿ. ಬರೀ ಚಾರ್ಜಿಂಗ್ ಕೇಬಲಿನಲ್ಲಿ ಡೇಟಾ ತಂತಿ ಇರುವುದೇ ಇಲ್ಲ.

ನಿಮ್ಮ ಮನೆಯಲ್ಲೂ ಕೆಟ್ಟಿದೆ ಅಂತ ಎತ್ತಿಟ್ಟ ಬೋರ್ಡ್ ಇದ್ದರೆ ಇವತ್ತೇ ಒಮ್ಮೆ ಹಾಕಿ ನೋಡಿ.