17 ಪೌಂಡ್ ಸಾಮಾನು: ಮಾರ್ಟಿನ್ಸ್ ಕೋವ್‌ನಲ್ಲಿ ಒಂದು ದಿನ

ಎಲ್ಲರಿಗೂ ನಮಸ್ಕಾರ. ನೀವೀಗ ನೋಡುತ್ತಿರುವ ಬೋಳು ಬಯಲು ಅಮೆರಿಕದ ವಯೋಮಿಂಗ್ ರಾಜ್ಯದ್ದು. ಹಿಂದೆ ಕಾಣುವ ಬಂಡೆ ಬೆಟ್ಟಗಳು ಒಂದೆಡೆ ಒಳಕ್ಕೆ ಬಾಗಿ ಗಾಳಿಗೆ ಮರೆಯಾಗಿ ನಿಂತಿವೆ; ಆ ಮರೆಗೆ ಮಾರ್ಟಿನ್ಸ್ ಕೋವ್ ಎಂದು ಹೆಸರು. ಸಾಲ್ಟ್ ಲೇಕ್ ಸಿಟಿಯ ನಮ್ಮ ಮನೆಯಿಂದ ಕಾರಿನಲ್ಲಿ ಇಲ್ಲಿಗೆ ಸುಮಾರು ಐದು ಗಂಟೆಯ ಹಾದಿ. 1856ರ ನವೆಂಬರ್ 9ರಂದು ಇಲ್ಲಿಂದ ಹೊರಟ, ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಸಾಲ್ಟ್ ಲೇಕ್ ಮುಟ್ಟಿದ್ದು ನವೆಂಬರ್ 30ಕ್ಕೆ. ಅದೂ ಅವರನ್ನು ಕರೆದೊಯ್ಯಲು ಎದುರು ಬಂದಿದ್ದ ಬಂಡಿಗಳ ನೆರವಿನಿಂದ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಈ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರನ್ನು 1844ರಲ್ಲಿ ಇಲಿನಾಯ್ ರಾಜ್ಯದ ಜೈಲೊಂದರಲ್ಲಿ ಉದ್ರಿಕ್ತ ಗುಂಪು ಕೊಂದುಹಾಕಿತು. 1846ರಲ್ಲಿ ಅವರ ಅನುಯಾಯಿಗಳು ನಾವೂ (Nauvoo) ಎಂಬ ತಮ್ಮ ಊರನ್ನು ತೊರೆದರು. ಮರುವರ್ಷದ ಜುಲೈನಲ್ಲಿ, ಸ್ಮಿತ್ ನಂತರ ಪಂಥವನ್ನು ಮುನ್ನಡೆಸಿದ ಬ್ರಿಗಮ್ ಯಂಗ್ ಅವರ ಮೊದಲ ತಂಡ ಉಪ್ಪುಸರೋವರದ ಕಣಿವೆಗೆ ಬಂದು, ಹಳ್ಳಕ್ಕೆ ಒಡ್ಡು ಕಟ್ಟಿ, ಒಣನೆಲಕ್ಕೆ ನೀರು ಹಾಯಿಸಿ ಆಲೂಗಡ್ಡೆ ನೆಟ್ಟಿತು. ಆ ತಂಡದವರ ಬಳಿ ಬಂಡಿಗಳಿದ್ದವು. ಆಮೇಲೆ ಇಂಗ್ಲೆಂಡಿನಿಂದ, ಸ್ಕ್ಯಾಂಡಿನೇವಿಯಾದಿಂದ ಬರತೊಡಗಿದವರಲ್ಲಿ ಬಹಳ ಮಂದಿ ಎತ್ತು, ಬಂಡಿ ಕೊಳ್ಳುವ ಶಕ್ತಿಯಿಲ್ಲದ ಬಡವರು. 1855ರಲ್ಲಿ ಬರವೂ ಮಿಡತೆಗಳೂ ಬೆಳೆಯನ್ನು ತಿಂದುಹಾಕಿದ್ದರಿಂದ ವಲಸೆಗೆಂದು ಇದ್ದ ನಿಧಿಯೂ ಸೊರಗಿತ್ತು. ಆಗ ಕಂಡುಕೊಂಡ ಅಗ್ಗದ ದಾರಿಯೇ ಕೈಗಾಡಿ. ರೈಲು ಕೊನೆಗೊಳ್ಳುತ್ತಿದ್ದ ಅಯೋವಾ ಸಿಟಿಯಿಂದ ಸುಮಾರು 1,300 ಮೈಲಿ, ಅಂದರೆ 2,000 ಕಿಲೋಮೀಟರಿಗೂ ಹೆಚ್ಚು ದೂರವನ್ನು ಗಾಡಿ ಎಳೆದುಕೊಂಡು ನಡೆಯಬೇಕಿತ್ತು.

ಈಗ ನಾನು ಎಳೆಯುತ್ತಿರುವುದು ಅಂಥದೇ ಒಂದು ಮಾದರಿ ಗಾಡಿ. ಗಟ್ಟಿ ನೆಲದಲ್ಲಿ ಇದು ಹಗುರವಾಗಿಯೇ ಉರುಳಿತು. ಆದರೆ ಈ ಮರಳಿಗೆ ಬಂದ ಕೂಡಲೇ ನೋಡಿ, ಚಕ್ರ ನಾಲ್ಕು ಬೆರಳು ಹೂತುಹೋಗಿದೆ. ನನ್ನ ಪತಿ ಹಿಂದಿನಿಂದ ನೂಕಿದರೂ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿದೆ. 1856ರ ಕಡೆಯ ತಂಡಗಳಿಗಾಗಿ ಗಾಡಿಗಳನ್ನು ಅವಸರದಲ್ಲಿ ಹಸಿ ಮರದಿಂದ ಮಾಡಿದ್ದರು. ಒಣಹವೆಯಲ್ಲಿ ಮರ ಕುಗ್ಗಿ ಚಕ್ರದ ಕಡ್ಡಿಗಳು ಸಡಿಲಗೊಂಡವು. ಮರದ ಅಚ್ಚಿಗೆ ಸವರಲು ಕೀಲೆಣ್ಣೆ ಸಾಲದೆ, ಜನ ತಮ್ಮ ಪಾಲಿನ ಹಂದಿಮಾಂಸದ ಕೊಬ್ಬನ್ನೂ ಸೋಪನ್ನೂ ಬಳಿದರು. ಆ ಜಿಡ್ಡಿಗೆ ಮರಳು ಮೆತ್ತಿಕೊಂಡು ಅಚ್ಚು ಇನ್ನಷ್ಟು ಬೇಗ ಸವೆಯುತ್ತಿತ್ತು.

ನನ್ನನ್ನು ಇಲ್ಲಿಯವರೆಗೆ ಕರೆತಂದದ್ದು ಮಾತ್ರ ತೂಕದ ಸಂಗತಿ. ಒಬ್ಬ ವ್ಯಕ್ತಿಗೆ 17 ಪೌಂಡ್ ಸಾಮಾನಿಗೆ ಮಾತ್ರ ಅನುಮತಿಯಿತ್ತು. ನಮ್ಮ ಲೆಕ್ಕದಲ್ಲಿ 7.7 ಕೆ.ಜಿ.; ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಚೀಲದಷ್ಟು. ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ ಎಲ್ಲವೂ ಆ ತೂಕದೊಳಗೇ ಸೇರಬೇಕು. ಆ ವರ್ಷದ ಮೊದಲ ತಂಡದಲ್ಲಿದ್ದ ಮಹಿಳೆಯೊಬ್ಬರು ಬರೆದಿಟ್ಟಿರುವಂತೆ, ತೂಗುವ ಹೊತ್ತಿಗೆ ಕೆಲವರು ಬಟ್ಟೆಯ ಮೇಲೆ ಬಟ್ಟೆ ತೊಟ್ಟು ನಿಂತರು. ಸಣಕಲಾಗಿದ್ದವರು ಒಮ್ಮೆಲೇ ದಪ್ಪಗಾದರು. ತೂಕ ಮುಗಿದ ಮೇಲೆ ಅವನ್ನೆಲ್ಲ ಕಳಚಿ ಗಾಡಿಗೆ ತುಂಬಿದರು. ಕೆಲವು ದಿನಗಳ ನಂತರ ಮತ್ತೆ ತೂಕಕ್ಕೆ ಕರೆ ಬಂತು.

ಇದನ್ನು ಓದಿದ ದಿನ ನನಗೆ ನೆನಪಾದದ್ದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಂತಿದ್ದ ನಮ್ಮ ಅತ್ತೆಯವರು. ಅವರ ಒಂದು ಪೆಟ್ಟಿಗೆ 23 ಕೆ.ಜಿ. ಮಿತಿಯನ್ನು ಎರಡು ಕೆ.ಜಿ.ಯಷ್ಟು ಮೀರಿತ್ತು. ಕೌಂಟರಿನಲ್ಲಿ ಕೇಳಿದ ಶುಲ್ಕ, ಪೆಟ್ಟಿಗೆಯ ತಳದಲ್ಲಿದ್ದ ಚಳ್ಳಕೆರೆ ಕಂಬಳಿಯ ಬೆಲೆಯ ನಾಲ್ಕು ಪಟ್ಟು. ಹಿಂದೆ ಉದ್ದನೆಯ ಸಾಲು ಕಾಯುತ್ತಿದ್ದಾಗ ಅವರು ನೆಲದ ಮೇಲೆ ಕುಳಿತು ಪೆಟ್ಟಿಗೆ ಬಿಚ್ಚಿದರು. ಚಟ್ನಿಪುಡಿ, ಉಪ್ಪಿನಕಾಯಿಯ ಡಬ್ಬಿಗಳನ್ನು ಉಳಿಸಿಕೊಂಡು ಕಂಬಳಿಯನ್ನು ನನ್ನ ಮೈದುನನ ಕೈಗೆ ಕೊಟ್ಟರು. ಅದು ಅವರ ತಾಯಿಯ ಕಂಬಳಿ. ಈ ದೃಶ್ಯದಲ್ಲಿ ಶಾಲು ಹೊದ್ದು ಬೆಂಚಿನ ಮೇಲೆ ಕುಳಿತಿರುವವರು ಅವರೇ. ಈ ಕಥೆಯನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅವರು ಮೊದಲು ಏನನ್ನು ಬಿಟ್ಟರಮ್ಮಾ?"

ಬಿಟ್ಟದ್ದು ಕಂಬಳಿಗಳನ್ನೇ. ಎಡ್ವರ್ಡ್ ಮಾರ್ಟಿನ್ ನಾಯಕತ್ವದ ತಂಡ ಅಕ್ಟೋಬರ್ 17ರಂದು ಡಿಯರ್ ಕ್ರೀಕ್ ಎಂಬ ಹಳ್ಳದ ಬಳಿ ತಂಗಿತ್ತು. ಹಿಟ್ಟಿನ ಪಾಲು ಕಡಿಮೆಯಾಗಿತ್ತು, ಜನ ಸೋತಿದ್ದರು, ಬೇಗ ಸಾಗದಿದ್ದರೆ ಉಳಿಗಾಲವಿರಲಿಲ್ಲ. ಆದ್ದರಿಂದ ದೊಡ್ಡವರ ಸಾಮಾನನ್ನು 10 ಪೌಂಡಿಗೆ, ಚಿಕ್ಕ ಮಕ್ಕಳದನ್ನು 5 ಪೌಂಡಿಗೆ ಇಳಿಸಿದರು. ಹೆಚ್ಚಿನ ಬಟ್ಟೆಯನ್ನೂ ಹೊದಿಕೆಯನ್ನೂ ಅಲ್ಲಿಯೇ ರಾಶಿ ಹಾಕಿ ಸುಟ್ಟರು. ಎರಡೇ ದಿನಗಳ ನಂತರ, ಅಕ್ಟೋಬರ್ 19ರಂದು, ನಾರ್ತ್ ಪ್ಲಾಟ್ ನದಿಯನ್ನು ಕಡೆಯ ಬಾರಿ ದಾಟುತ್ತಿದ್ದಾಗ ಹಿಮ ಬೀಳಲು ಶುರುವಾಯಿತು. ಒದ್ದೆ ಬಟ್ಟೆ ಮೈಮೇಲೆಯೇ ಹೆಪ್ಪುಗಟ್ಟಿತು. ಒಣಗಿದ ಹೊದಿಕೆಯೊಂದು ಬೇಕಾಗಿದ್ದ ರಾತ್ರಿ ಅದು.

ಬೆಳಿಗ್ಗೆ ಹೊರಟಾಗ ಈ ಕೈಗಾಡಿಯ ಯೋಜನೆಯೇ ಮೂರ್ಖತನವೆಂದು ನಾನು ಕ್ಯಾಮೆರಾದ ಮುಂದೆ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅದೇ ವರ್ಷ ಬೇಗ ಹೊರಟ ಮೊದಲ ಎರಡು ತಂಡಗಳು ಸೆಪ್ಟೆಂಬರ್ 26ಕ್ಕೇ ಸಾಲ್ಟ್ ಲೇಕ್ ಸೇರಿದ್ದವು. 1860ರವರೆಗೆ ಹತ್ತು ತಂಡಗಳಲ್ಲಿ ಸುಮಾರು 3,000 ಜನ ಹೀಗೆ ಬಂದರು. ತಪ್ಪಿದ್ದು ದಿನಾಂಕ. ಜೇಮ್ಸ್ ವಿಲ್ಲಿ ನಾಯಕತ್ವದ ತಂಡವೂ ಮಾರ್ಟಿನ್ ತಂಡವೂ ಅಯೋವಾ ಸಿಟಿ ಬಿಟ್ಟಾಗಲೇ ಜುಲೈ ಅರ್ಧ ಕಳೆದಿತ್ತು. ಆಗಸ್ಟ್‌ನಲ್ಲಿ, ದಾರಿಯಲ್ಲಿದ್ದ ಫ್ಲಾರೆನ್ಸ್ ಎಂಬ ಊರಿನಲ್ಲಿ ಸಭೆ ಸೇರಿದಾಗ, ಆ ದಾರಿಯ ಅನುಭವವಿದ್ದ ಲೀವೈ ಸ್ಯಾವೇಜ್ ಎಂಬುವರು ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಈ ಋತುವಿನಲ್ಲಿ ಹೋಗಬಾರದೆಂದು ಕಣ್ಣೀರಿಟ್ಟು ಹೇಳಿದರು. ನಂಬಿಕೆ ಸಾಲದೆಂದು ಅವರನ್ನೇ ಆಕ್ಷೇಪಿಸಲಾಯಿತು. ಅವರನ್ನು ಸುಮ್ಮನಾಗಿಸಿದವರು ತಪ್ಪು ಮಾಡಿದರು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ತಮ್ಮ ಮಾತು ಸೋತ ಮೇಲೂ ಸ್ಯಾವೇಜ್ ಹಿಂದುಳಿಯದೆ ಅದೇ ಜನರೊಂದಿಗೆ ನಡೆದರು.

ಈ ಶಾಟ್ ಮುಗಿಯುವ ಮುನ್ನ ಉಳಿದದ್ದನ್ನು ಹೇಳಿಬಿಡುತ್ತೇನೆ. ಅಕ್ಟೋಬರ್ 5ರಂದು ಸಾಲ್ಟ್ ಲೇಕಿನ ಸಭೆಯಲ್ಲಿ ಬ್ರಿಗಮ್ ಯಂಗ್ ಬೇರೆಲ್ಲ ಉಪದೇಶವನ್ನು ಬದಿಗಿಟ್ಟು, ಹೇಸರಗತ್ತೆ, ಬಂಡಿ, ಹಿಟ್ಟು, ಬಂಡಿ ಹೊಡೆಯುವ ಗಂಡಸರು ಬೇಕೆಂದು ಕೇಳಿದರು. ಆ ಬಂಡಿಗಳೇ ಇವರನ್ನು ಉಳಿಸಿದ್ದು. ನವೆಂಬರ್ 4ರಿಂದ ಸುಮಾರು ಐದು ದಿನ ಮಾರ್ಟಿನ್ ತಂಡ ಈ ಬಂಡೆಗಳ ಮರೆಯಲ್ಲಿ ಕಳೆಯಿತು. ಎರಡೂ ತಂಡಗಳ ಸುಮಾರು 1,000 ಜನರಲ್ಲಿ 200ಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ತೀರಿಕೊಂಡರು.

ಉಳಿದವರಲ್ಲಿ ನೆಲ್ಲಿ ಪ್ಯುಸೆಲ್ ಎಂಬ ಹುಡುಗಿಯಿದ್ದಳು. ಹಿಮ ಬೀಳತೊಡಗಿದಾಗ ಅವಳಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ತಾಯಿ ತಂದೆ ಇಬ್ಬರೂ ದಾರಿಯಲ್ಲಿ ಸತ್ತರು. ಚಳಿಗೆ ಕೊಳೆತ ಅವಳ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ದಕ್ಷಿಣ ಯೂಟಾದ ಸೀಡರ್ ಸಿಟಿಯಲ್ಲಿ ಅವಳು ಸಂಸಾರ ಹೂಡಿ ಆರು ಮಕ್ಕಳನ್ನು ಸಾಕಿದಳು. ಮೊಣಕಾಲಿನ ಮೇಲೆಯೇ ಓಡಾಡುತ್ತ ಪರರ ಬಟ್ಟೆ ಒಗೆದಳು, ಉಣ್ಣೆಯ ಕಾಲುಚೀಲ ಹೆಣೆದು ಮಾರಿದಳು.

ಗಾಡಿಯನ್ನು ಮರಳಿಸುವ ಹೊತ್ತಾಯಿತು. ಅತ್ತೆಯವರು ಬೆಂಚಿನಿಂದ ಎದ್ದು ಬಂದು, ಮೂಕಿಯ ಅಡ್ಡಪಟ್ಟಿಗೆ ಒಂದು ಕೈ ಕೊಟ್ಟಿದ್ದಾರೆ.